ಕುರಿಹಿಂಡು ಮತ್ತು ಒಕ್ಕಲಿಗನ ಕರ್ತವ್ಯ

ಸುಗ್ಗಿ ಮುಗಿದು ಹೊಲಗಳು ಬರಿದಾದೊಡನೆ ಕುರಿಹಿಂಡುಗಳು ನೀರು ಮೇವುಗಳನ್ನರಸಿ ಹೊಳೆಯ ದಂಡೆಗೆ ಇಳಿಯುತ್ತವೆ. ಆಗ ನಮ್ಮ ಉಂಡವಳ್ಳಿಯ ಸುತ್ತಿನಲ್ಲಿ ಎರಡು ಮಾತು ಹುಟ್ಟುತ್ತವೆ. ‘ನಮ್ಮ ಹೊಲದಲ್ಲಿ ನಾಲ್ಕು ರಾತ್ರಿ ಕುರಿ ತರುಬಿರಿ’ ಎಂಬುದು ಒಂದು. ‘ಬೆಳೆ ಮೇಯಿಸಲು ಬಂದರು, ಊರ ಗಡಿ ದಾಟಿಸಿರಿ’ ಎಂಬುದು ಇನ್ನೊಂದು. ಎರಡನ್ನೂ ಆಡುವವರು ಒಕ್ಕಲಿಗರಾದ ನಾವೇ. ಇದರ ನ್ಯಾಯಾನ್ಯಾಯಗಳನ್ನು ವಿಚಾರಿಸುವುದು ಅಗತ್ಯವಾಗಿದೆ.

ಅಲೆಯುವವರೂ ನೆಲೆನಿಂತವರೂ ಹುಟ್ಟಾ ವೈರಿಗಳೆಂದು ಅನೇಕರ ತಿಳಿವಳಿಕೆ. ನಮ್ಮ ಸೀಮೆಯ ನೆಲ ಬೇರೆಯೇ ಸಾಕ್ಷಿ ಹೇಳುತ್ತದೆ. ಕೃಷ್ಣೆಯ ಆಚೆ ಮಕ್ತಲ ಸೀಮೆಯ ಉಟ್ನೂರಿನಲ್ಲಿ 1957ರಲ್ಲಿ ಆಲ್ಚಿನ್ ಎಂಬ ಪುರಾತತ್ತ್ವಜ್ಞರು ಒಂದು ಬೂದಿದಿಬ್ಬವನ್ನು ಅಗೆಸಿದರು. ನಾಲ್ಕು ಸಾವಿರ ವರ್ಷಗಳ ಹಿಂದೆ ದನಗಾರರು ಅಲ್ಲಿ ದೊಡ್ಡಿ ಕಟ್ಟಿ, ಕೂಡಿಬಿದ್ದ ಸೆಗಣಿಯನ್ನು ಮೇಲಿಂದ ಮೇಲೆ ಸುಟ್ಟಿದ್ದರು. ದನಗಳ ಗೊರಸಿನ ಗುರುತುಗಳೂ ಅಲ್ಲಿ ದೊರೆತವು. ಮಂದೆಯವರು ಈ ನಾಡಿಗೆ ನಿನ್ನೆ ಬಂದವರಲ್ಲ.

ರಸ್ತೆ ರೈಲುಗಳಿಲ್ಲದ ಕಾಲದಲ್ಲಿ ಧಾನ್ಯ ಒಯ್ದು ಉಪ್ಪು ತಂದವರು ಲಂಬಾಣಿಗರು. 17ನೆಯ ಶತಮಾನದ ಫ್ರೆಂಚ್ ಪ್ರವಾಸಿ ತಾವೆರ್ನಿಯೆ ಹತ್ತು ಹನ್ನೆರಡು ಸಾವಿರ ಹೇರೆತ್ತುಗಳ ಸಾಲುಗಳನ್ನು ವರ್ಣಿಸಿದ್ದಾನೆ. 1871ರಲ್ಲಿ ರೈಲು ರಾಯಚೂರನ್ನು ಮುಟ್ಟಿತು. ಹೇರೆತ್ತಿನ ಕಸುಬು ಕುಸಿಯಿತು. ಅದೇ ವರ್ಷ ಬ್ರಿಟಿಷ್ ಸರಕಾರವು ಕೆಲವು ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡುವ ಕಾನೂನು ತಂದಿತು. 1911ರಲ್ಲಿ ಅದು ಮದರಾಸು ಪ್ರಾಂತಕ್ಕೂ, ಎಂದರೆ ತುಂಗಭದ್ರೆಯ ಆಚೆಯ ಕರ್ನೂಲಿಗೂ ಹಬ್ಬಿತು. ಅಲೆಮಾರಿಗಳೇ ಅದಕ್ಕೆ ಹೆಚ್ಚಾಗಿ ಸಿಕ್ಕಿದರು. 1952ರಲ್ಲಿ ಕಾನೂನು ರದ್ದಾಯಿತು. ಆದರೆ ಗುಡಾರ ಕಂಡೊಡನೆ ಮನೆಯ ಕೋಳಿ ಎಣಿಸುವ ಚಾಳಿ ನಮ್ಮಿಂದ ಇನ್ನೂ ಹೋಗಿಲ್ಲ.

ಇನ್ನು ಲಾಭದ ಲೆಕ್ಕ. ನೂರು ಕಿಲೋ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಅರ್ಧ ಕಿಲೋದಷ್ಟಿದ್ದರೆ, ಕುರಿಹಿಕ್ಕೆಯಲ್ಲಿ ಸುಮಾರು 3 ಕಿಲೋ ಇರುತ್ತದೆ. ಕುರಿ ತರುಬಿದಾಗ ಮೂತ್ರವೂ ನೇರವಾಗಿ ಮಣ್ಣಿಗೆ ಇಳಿಯುವುದು. ಬಂಡಿ ಹೂಡುವ ಖರ್ಚಿಲ್ಲ. ಆದರೆ ಮರುದಿನವೇ ಕುಂಟೆ ಹೊಡೆದು ಮಣ್ಣಿನಲ್ಲಿ ಬೆರೆಸಬೇಕು. ಬಿಸಿಲಿಗೆ ಬಿಟ್ಟರೆ ಸಾರಜನಕ ಹಾರಿಹೋಗಿ ಕೊಟ್ಟ ಹಣ ವ್ಯರ್ಥವಾಗುವುದು.

ಹಾಗಾದರೆ ಜಗಳವೇಕೆ? ಹಳೆಯ ಒಪ್ಪಂದದ ಆಧಾರವೇ ತಪ್ಪಿದೆ. ಹಿಂದೆ ಜೋಳ ಕೊಯ್ದ ಮೇಲೆ ಹೊಲ ಮುಂದಿನ ಮಳೆಯವರೆಗೆ ಬಯಲಾಗಿರುತ್ತಿತ್ತು. ಈಗ ಕಾಲುವೆ, ಕೊಳವೆಬಾವಿಗಳಿಂದ ಎರಡನೆಯ ಬೆಳೆ ಬಂದಿದೆ. ಹತ್ತಿ ಹೊಲದಲ್ಲಿ ಬಹುಕಾಲ ನಿಲ್ಲುತ್ತದೆ. ಬಂಜರು ಉತ್ತೆವು, ಬಂಡಿದಾರಿಯನ್ನೂ ಒತ್ತಿದೆವು. ಹಿಂಡು ಮಾತ್ರ ಹಳೆಯ ಹಾದಿಯಲ್ಲೇ ಬರುತ್ತದೆ. ಎರಡು ಹಸಿರು ಹೊಲಗಳ ನಡುವೆ ಗೇಣು ದಾರಿಯಲ್ಲಿ ಐನೂರು ಕುರಿಗಳನ್ನು ಹಾಯಿಸುವುದು ಯಾರಿಂದ ಸಾಧ್ಯ?

ಬೆಳೆ ಹಾಳಾದ ಒಕ್ಕಲಿಗನ ಸಂಕಟವೂ ಸುಳ್ಳಲ್ಲ. ನಷ್ಟವಾದಲ್ಲಿ ಕುರಿಗಾರನು ಕೊಡಲೇಬೇಕು. ಆದರೆ ಅದನ್ನು ಊರಿನ ಇಬ್ಬರು ಹಿರಿಯರು ನೋಡಿ ನಿಶ್ಚಯಿಸಲಿ. ಸಿಟ್ಟಿನ ಭರದಲ್ಲಿ ಕುರಿ ಹಿಡಿದಿಟ್ಟುಕೊಳ್ಳುವುದು, ಕೈಮಾಡುವುದು ನ್ಯಾಯವಲ್ಲ.

ಆದುದರಿಂದ ಪ್ರತಿ ಊರಿನ ರೈತರೂ ಸುಗ್ಗಿಗೆ ಮೊದಲೇ ಕೂಡಿ ಕೆಲವು ಮಾತು ಗೊತ್ತುಪಡಿಸಬೇಕು. ಹಿಂಡು ಹಾಯುವ ದಾರಿ ಯಾವುದು, ನೀರು ಕುಡಿಸುವ ಸ್ಥಳ ಯಾವುದು, ಒಂದು ರಾತ್ರಿ ತರುಬಿದ್ದಕ್ಕೆ ಕೊಡತಕ್ಕದ್ದೆಷ್ಟು ಎಂಬುದು ಎಲ್ಲರಿಗೂ ತಿಳಿದಿರಲಿ. ಔಷಧಿ ಸಿಂಪಡಿಸಿದ ಹೊಲವನ್ನು ಕುರಿಗಾರನಿಗೆ ತಪ್ಪದೆ ತೋರಿಸಿರಿ. ಒಂದು ಮಾತಿನಿಂದ ಅವನ ಇಡೀ ಬದುಕು ಉಳಿಯುತ್ತದೆ.

ಶಿಕ್ಷಕವೃತ್ತಿಯವರಾದ ನಾವು ಇನ್ನೊಂದನ್ನು ಹೇಳಲೇಬೇಕು. ಹಿಂಡಿನೊಡನೆ ಮಕ್ಕಳೂ ಬರುತ್ತಾರೆ. 2009ರ ಶಿಕ್ಷಣ ಹಕ್ಕಿನ ಕಾಯ್ದೆಯಂತೆ 6ರಿಂದ 14 ವರ್ಷದ ಮಗುವಿಗೆ, ವರ್ಗಾವಣೆ ಪತ್ರ ತಡವಾಯಿತೆಂದು ಶಾಲೆಯ ಪ್ರವೇಶ ನಿರಾಕರಿಸುವಂತಿಲ್ಲ. ಹದಿನೈದೇ ದಿನ ಇರಲಿ, ಆ ಮಗುವನ್ನು ಕರೆದು ಕೂರಿಸಿರಿ. ನಮ್ಮ ಮಕ್ಕಳ ಪಕ್ಕದಲ್ಲಿ ಕುಳಿತು ಓದಿದವನನ್ನು ನಾಳೆ ಯಾರೂ ಕಳ್ಳನೆಂದು ನೋಡಲಾರರು.

ಗೊಬ್ಬರ ಬೇಕು, ಗೊಬ್ಬರ ತರುವವನು ಬೇಡ ಎಂಬ ಒಕ್ಕಲುತನ ಬಹಳ ದಿನ ನಡೆಯದು.