ಬೀಗದ ಕೈ ಮೊದಲು, ಪತ್ರ ಆಮೇಲೆ

ಮನೆ ಕೊಳ್ಳುವವರು ಮೊದಲು ಪತ್ರ ಮಾಡಿಸಿಕೊಂಡು, ಬೀಗದ ಕೈಯನ್ನು ಆಮೇಲೆ ಈಸಿಕೊಳ್ಳುತ್ತಾರಷ್ಟೆ. ಪುದುಚೇರಿಯ ವಿಷಯದಲ್ಲಿ ಭಾರತವೂ ಫ್ರಾನ್ಸೂ ಈ ಕ್ರಮವನ್ನು ತಿರುವುಮುರುವು ಮಾಡಿದವು. ಚೆನ್ನೈಯ ನಮ್ಮ ಬಂಧುಗಳು ರಜೆಯಲ್ಲಿ ನೋಡಿ ಬರುವ ಆ ಊರಿನ ಹಿಂದೆ ಎಂಟು ವರ್ಷದ ತಾಳ್ಮೆಯ ಕಥೆಯುಂಟು.

1947ರಲ್ಲಿ ಬ್ರಿಟಿಷರು ಹೊರಟರೂ ಫ್ರೆಂಚರು ಹೊರಡಲಿಲ್ಲ. ಚಂದ್ರನಗರ 1949ರಲ್ಲಿ ಮತ ಕೊಟ್ಟು ಭಾರತದ ಕಡೆ ಬಂದಿತು. ಪುದುಚೇರಿ, ಕಾರೈಕಾಲ್, ಮಾಹೆ, ಯಾನಂಗಳು ಉಳಿದವು. 1954ರ ಬೇಸಗೆಯಲ್ಲಿ ಫ್ರಾನ್ಸು ಇಂಡೋಚೀನದಲ್ಲಿ ಸೋತಿತು. ಇತ್ತ ಯಾನಂ, ಮಾಹೆಗಳು ಜನರ ಚಳವಳಿಯಿಂದ ಅದರ ಕೈತಪ್ಪಿದವು. ಪ್ರಧಾನಿ ಮೆಂಡೆಸ್ ಫ್ರಾನ್ಸರ ಸರಕಾರ ಸಂಧಾನಕ್ಕೆ ಒಪ್ಪಿತು.

ಆದರೆ ತೊಡಕೊಂದಿತ್ತು. ಅಲ್ಲಿನ ಜನರ ಸಮ್ಮತಿಯಿಲ್ಲದೆ ನೆಲ ಬಿಟ್ಟುಕೊಡಕೂಡದೆಂದು ಫ್ರೆಂಚ್ ಸಂವಿಧಾನವೇ ಹೇಳುತ್ತಿತ್ತು. ಆದುದರಿಂದ 1954ರ ಅಕ್ಟೋಬರ್ 18ರಂದು ಕೀಳೂರಿನಲ್ಲಿ ಚುನಾಯಿತ ಪ್ರತಿನಿಧಿಗಳು 178 ಮಂದಿ ಸೇರಿದರು. ಭಾರತದ ಪರ 170 ಮತ, ವಿರುದ್ಧ 8. ಮೂರು ದಿನಗಳಲ್ಲೇ ದೆಹಲಿಯಲ್ಲಿ ಒಪ್ಪಂದವಾಗಿ, ನವೆಂಬರ್ 1ರಂದು ಆಡಳಿತ ನಮ್ಮ ಕೈಸೇರಿತು. ಕಾನೂನಿನ ಒಡೆತನ ಮಾತ್ರ ಇನ್ನೂ ಫ್ರಾನ್ಸಿನದೇ!

ಒಡೆತನದ ಒಡಂಬಡಿಕೆಗೆ 1956ರ ಮೇ 28ರಂದು ಸಹಿ ಬಿದ್ದಿತು. ಅಲ್ಜೀರಿಯಾದಲ್ಲಿ ಯುದ್ಧ ನಡೆಯುತ್ತಿರುವಾಗ ಇನ್ನೊಂದು ನೆಲ ಬಿಡುವ ಮಾತನ್ನು ಫ್ರೆಂಚ್ ಸಂಸತ್ತಿನ ಮುಂದಿಡುವುದು ಸುಲಭವಿರಲಿಲ್ಲ. ಆ ಯುದ್ಧ ಮುಗಿದ ಮೇಲೆ, 1962ರ ಆಗಸ್ಟ್ 16ರಂದು, ಪತ್ರ ಪೂರ್ತಿಯಾಯಿತು.

ಭಾರತವು ಅಷ್ಟು ಕಾಲ ಕಾದದ್ದು ದೌರ್ಬಲ್ಯದಿಂದಲ್ಲ. ಜನರ ಬದುಕಿಗೆ ಬೇಕಾದುದನ್ನು ಬರಹದಲ್ಲಿ ಇಳಿಸಿದ್ದರು. ಪ್ರತಿನಿಧಿಗಳು ಬೇಡವೆನ್ನುವವರೆಗೆ ಫ್ರೆಂಚ್ ಭಾಷೆ ಆಡಳಿತದಲ್ಲಿ ಉಳಿಯತಕ್ಕದ್ದು. ಆ ನೆಲದಲ್ಲಿ ಹುಟ್ಟಿ ಅಲ್ಲಿಯೇ ನೆಲೆಸಿದವರು ಭಾರತೀಯ ಪ್ರಜೆಗಳಾಗುವರು. ಬೇಕಾದವರು ಆರು ತಿಂಗಳೊಳಗೆ ಬರೆದುಕೊಟ್ಟು ಫ್ರೆಂಚ್ ಪೌರತ್ವವನ್ನು ಉಳಿಸಿಕೊಳ್ಳಬಹುದು. ಕೆಲವು ಸಾವಿರ ಮಂದಿ ಹಾಗೆಯೇ ಮಾಡಿದರು. ಫ್ರೆಂಚ್ ಸೈನ್ಯದಲ್ಲಿ ದುಡಿದವನಿಗೆ, ಪ್ಯಾರಿಸಿನಲ್ಲಿ ಮಗನಿದ್ದವನಿಗೆ, ಆ ಒಂದು ಸಹಿ ಎಷ್ಟು ಭಾರವಾಗಿದ್ದಿರಬೇಕು! ಊರು ಬಿಟ್ಟು ಬದುಕು ಕಟ್ಟಿಕೊಂಡ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇತ್ತ ಕಾರವಾರದ ನೆರೆಯ ಗೋವೆಯಲ್ಲಿ ಪೋರ್ಚುಗಲ್ ಬಿಟ್ಟುಕೊಡುವ ಮಾತಿಗೇ ಒಪ್ಪಲಿಲ್ಲ. 1961ರ ಡಿಸೆಂಬರಿನಲ್ಲಿ ಸೈನ್ಯ ಹೋಗಬೇಕಾಯಿತು.

ನವೆಂಬರ್ 1 ನಮಗೆ ರಾಜ್ಯೋತ್ಸವ. ಪುದುಚೇರಿಗೆ ವಿಮೋಚನಾ ದಿನ. ಈ ಸಲ ಸಂಘದಲ್ಲಿ ಬಾವುಟ ಏರಿಸುವಾಗ ಮಕ್ಕಳಿಗೆ ಕೀಳೂರಿನ ಆ 178 ಮಂದಿಯ ಕಥೆಯನ್ನೂ ಹೇಳಿರಿ.