ಸಹಜಶಕ್ತಿಯೂ ಅದನ್ನು ಅರಿಯುವ ಕಿವಿಯೂ

ಮನುಷ್ಯನಿಗೆ ಹುಟ್ಟಿನೊಡನೆ ಬಂದ ಸಾಮರ್ಥ್ಯಗಳಲ್ಲಿ ಯಾವುದು ಅತ್ಯಂತ ಬಲವಾದುದೋ ಅದೇ ಅವನ ಅರಿವಿಗೆ ಎಲ್ಲಕ್ಕಿಂತ ತಡವಾಗಿ ಬರುತ್ತದೆ. ಇದು ವಿಚಿತ್ರವೆಂದು ತೋರಿದರೂ ಕಾರಣ ಸರಳವಾದುದೇ. ಯಾವ ಕೆಲಸದಲ್ಲಿ ನಾವು ಬೆವರುತ್ತೇವೆಯೋ, ಎಡವುತ್ತೇವೆಯೋ, ಮಾಡಿದ್ದನ್ನು ಮತ್ತೆ ಮತ್ತೆ ಅಳಿಸಿ ತಿದ್ದುತ್ತೇವೆಯೋ ಆ ಕೆಲಸದ ಬೆಲೆ ನಮಗೆ ಚೆನ್ನಾಗಿ ಗೊತ್ತಿರುತ್ತದೆ. ಆಯಾಸವಿಲ್ಲದೆ ಕೈಗೆ ಬರುವುದು ಲೋಕದ ಎಲ್ಲರಿಗೂ ಹಾಗೆಯೇ ಬರುತ್ತಿರಬೇಕೆಂದು ಭಾವಿಸಿ ನಾವು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಒಮ್ಮೆ ಕೇಳಿದ ಹಾಡನ್ನು ಶ್ರುತಿ ತಪ್ಪದೆ ಗುನುಗುವ ಹುಡುಗಿಗೆ ತಾನೇನೋ ವಿಶೇಷವಾದುದನ್ನು ಮಾಡುತ್ತಿದ್ದೇನೆಂಬ ಭಾವನೆಯೇ ಇರುವುದಿಲ್ಲ. ಹೊಲದ ಬದುವಿಗಾಗಿ ಕಚ್ಚಾಡುತ್ತಿರುವ ಇಬ್ಬರು ದಾಯಾದಿಗಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಸಂಜೆಯೊಳಗೆ ವ್ಯಾಜ್ಯವನ್ನು ಮುಗಿಸಿ ಕಳುಹಿಸುವ ರೈತನಿಗೆ, ಅದು ಕಾನೂನು ಓದಿದವರಲ್ಲಿಯೂ ದುರ್ಲಭವಾದ ಗುಣವೆಂದು ಹೊಳೆದಿರುವುದಿಲ್ಲ. ಮುಡಿದ ಮಲ್ಲಿಗೆಯ ಕಂಪು ಮುಡಿದವಳಿಗಿಂತ ಪಕ್ಕದಲ್ಲಿ ಕುಳಿತವರಿಗೆ ಮೊದಲು ತಿಳಿಯುವಂತೆ, ಸಹಜಶಕ್ತಿಯು ಅನೇಕ ವೇಳೆ ಅನ್ಯರ ಮೂಲಕವೇ ನಮಗೆ ಪರಿಚಯವಾಗಬೇಕಾಗುತ್ತದೆ. ಆದುದರಿಂದ ತರುಣರಿಗೆ ನಾವು ಧಾರಾಳವಾಗಿ ಕೊಡುವ, ‘ನಿನ್ನ ಶಕ್ತಿಯನ್ನು ನೀನೇ ಕಂಡುಕೊ’ ಎಂಬ ಉಪದೇಶವು ಅರ್ಧ ಮಾತ್ರ ನಿಜವಾದುದು. ಉಳಿದರ್ಧ ಹಿರಿಯರ ಮೇಲೆ ಬೀಳುವ ಹೊಣೆ. ಈ ವಾರ ಆ ಹೊಣೆಯನ್ನು ಕುರಿತು ಬರೆಯಬೇಕೆಂದಿದ್ದೇನೆ.

ಈಗಿನ ಹಾವೇರಿ ಜಿಲ್ಲೆಯ ಹಾನಗಲ್ಲು ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನೆಂಬ ಬಾಲಕನಿಗೂ ಅವನ ಸೋದರ ಗುರುಬಸಯ್ಯನಿಗೂ ದೃಷ್ಟಿಯಿರಲಿಲ್ಲ. ಆ ಕಾಲದ ಬಡ ಮನೆಯಲ್ಲಿ ಕುರುಡು ಮಗುವೆಂದರೆ ಜಗಲಿಯ ಮೂಲೆ, ಇಲ್ಲವೆ ಊರೂರು ತಿರುಗುವ ಜೋಳಿಗೆ. ಇದಕ್ಕಿಂತ ಬೇರೆಯಾದ ಭವಿಷ್ಯವನ್ನು ಊಹಿಸುವ ಅಭ್ಯಾಸ ಸಮಾಜಕ್ಕಿರಲಿಲ್ಲ. ಆ ಮಕ್ಕಳು ಹಾಡುತ್ತಿದ್ದರು. ಹಾನಗಲ್ಲಿನ ಕುಮಾರಸ್ವಾಮಿಗಳು ಆ ಹಾಡಿಕೆಯನ್ನು ಕೇಳಿದರು. ಕೇಳಿ, ತಲೆದೂಗಿ, ಪ್ರಸಾದವನ್ನು ಕೊಟ್ಟು ಹರಸಿ ಕಳುಹಿಸಿದ್ದರೆ ಅದೂ ಔದಾರ್ಯವೇ ಆಗುತ್ತಿತ್ತು. ಮಠಗಳಲ್ಲಿ ಅಂಥ ಔದಾರ್ಯಕ್ಕೆ ಎಂದೂ ಬಡತನವಿರಲಿಲ್ಲ. ಆದರೆ ಸ್ವಾಮಿಗಳು ಮೆಚ್ಚುಗೆಯ ಬಳಿ ನಿಲ್ಲದೆ ಹೊಣೆಗಾರಿಕೆಯವರೆಗೆ ಬಂದರು. ಮಕ್ಕಳ ಪಾಲನೆ ಅವರದಾಯಿತು. ಗದಿಗೆಯ್ಯನಿಗೆ ಮೈಸೂರಿನಲ್ಲಿ ಕರ್ನಾಟಕ ಸಂಗೀತದ ಶಿಕ್ಷಣವೂ, ಮಿರಜಿನ ನೀಲಕಂಠಬುವಾ ಅವರಿಂದ ಹಿಂದೂಸ್ತಾನಿ ಪದ್ಧತಿಯ ಶಿಕ್ಷಣವೂ ದೊರೆಯುವಂತೆ ವ್ಯವಸ್ಥೆಯಾಯಿತು. ಹೀಗೆ ಎರಡು ಪದ್ಧತಿಗಳ ನೀರನ್ನೂ ಕುಡಿದು ಬೆಳೆದ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದರು.

ಗುಣವನ್ನು ಮೆಚ್ಚುವುದಕ್ಕೂ ಗುಣಕ್ಕೆ ನೆಲೆಯನ್ನು ಕಲ್ಪಿಸುವುದಕ್ಕೂ ನಡುವೆ ಇರುವ ಅಂತರ ಬಹಳ ದೊಡ್ಡದು. ಮೊದಲನೆಯದಕ್ಕೆ ರಸಿಕತೆಯೊಂದಿದ್ದರೆ ಸಾಕು. ಎರಡನೆಯದಕ್ಕೆ ಅನ್ನ ಬೇಕು, ಮಲಗಲು ಜಾಗ ಬೇಕು, ಬೈದು ತಿದ್ದುವ ಗುರು ಬೇಕು, ಫಲ ಕಾಣದ ವರ್ಷಗಳನ್ನು ತಾಳಿಕೊಳ್ಳುವ ಪೋಷಕ ಬೇಕು. ನಮ್ಮಲ್ಲಿ ಎಷ್ಟೋ ಕಂಠಗಳು, ಎಷ್ಟೋ ಕೈಚಳಕಗಳು ಮೆಚ್ಚುಗೆಯನ್ನು ಹೊಟ್ಟೆತುಂಬ ಪಡೆದೂ ಬಾಡಿಹೋದದ್ದು ಈ ಎರಡನೆಯದು ದೊರೆಯದೆ.

ಪಂಚಾಕ್ಷರಿ ಗವಾಯಿಗಳು ತಾವು ಪಡೆದುದನ್ನು ಇನ್ನೊಬ್ಬರಿಗೆ ಸಲ್ಲಿಸುವ ಬಗೆಯನ್ನೂ ಆ ಸ್ವಾಮಿಗಳಿಂದಲೇ ಕಲಿತರೆಂದು ತೋರುತ್ತದೆ. ಅಂಧರೂ ದರಿದ್ರರೂ ಆದ ಮಕ್ಕಳನ್ನು ಕೂಡಿಸಿಕೊಂಡು, ಊರಿಂದೂರಿಗೆ ಸಂಚರಿಸುವ ಪಾಠಶಾಲೆಯನ್ನೇ ನಡೆಸಿ, ಭಕ್ತರು ಕೊಟ್ಟ ಕಾಳುಕಡ್ಡಿಯಿಂದ ಅವರನ್ನು ಸಾಕಿ, ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಂಡ ಆ ಉದ್ಯಮವು ಕನ್ನಡನಾಡಿನ ಶಿಕ್ಷಣದ ಚರಿತ್ರೆಯಲ್ಲಿ ಸಲ್ಲಬೇಕಾದಷ್ಟು ಪುಟಗಳನ್ನು ಇನ್ನೂ ಪಡೆದಿಲ್ಲ. ಅದನ್ನು ನಾವು ಸಂಗೀತದ ಚರಿತ್ರೆಗೆ ಬಿಟ್ಟುಕೊಟ್ಟು ಸುಮ್ಮನಾಗಿದ್ದೇವೆ.

ಕಣ್ಣಿಲ್ಲದ ಮಗುವಿಗೆ ತಬಲಾ ಕಲಿಸುವ ಕ್ರಮವನ್ನು ಹತ್ತಿರದಿಂದ ನೋಡಿದವರಿಗೆ ಶಿಕ್ಷಣದ ಸ್ವರೂಪವೇ ಬೇರೆಯಾಗಿ ಕಾಣುತ್ತದೆ. ಅಲ್ಲಿ ಹಲಗೆಯಿಲ್ಲ, ಪುಸ್ತಕವಿಲ್ಲ, ‘ಇಲ್ಲಿ ನೋಡು’ ಎಂಬ ಮಾತಿಲ್ಲ. ಗುರು ಶಿಷ್ಯನ ತೋರುಬೆರಳನ್ನು ತನ್ನ ಕೈಯಲ್ಲಿ ಹಿಡಿದು ಬಲಗಡೆಯ ತಬಲದ ಅಂಚಿಗೆ ಒಯ್ದು ಇಳಿಸುತ್ತಾನೆ, ಅದು ‘ನಾ’. ಎಡಗಡೆಯ ಡಗ್ಗೆಯ ಮೇಲೆ ಮಣಿಕಟ್ಟನ್ನು ಊರಿಸಿ ಬೆರಳುಗಳನ್ನು ಬೀಳಿಸಿದರೆ ಅದು ‘ಗೆ’. ಎರಡೂ ಒಂದೇ ಗಳಿಗೆಯಲ್ಲಿ ಕೂಡಿದರೆ ‘ಧಾ’. ಬಾಯಲ್ಲಿ ಬೋಲು, ಕೈಯ ಮೇಲೆ ಕೈ, ಮಿಕ್ಕದ್ದೆಲ್ಲ ಕಿವಿಯ ಪಾಲು. ಹೀಗೆ ಕೈಗೆ ಕೈ ತಾಗಿಸಿ ಕಲಿಸುವವನಿಗೆ ಯಾವ ಮಗುವಿನ ಬೆರಳು ಹೇಳದೆಯೇ ಸಮಕ್ಕೆ ಬಂದು ಕೂಡುತ್ತದೆ, ಯಾವುದರ ಬೆರಳು ತಡವರಿಸುತ್ತಿದ್ದರೂ ಗಮನವೆಲ್ಲ ತಂಬೂರಿಯ ತಂತಿಯ ಕಡೆಗಿದೆ, ಯಾವುದು ತಾಳವನ್ನು ಮರೆತು ಬೋಲಿನ ಅಕ್ಷರಗಳನ್ನೇ ನಾಲಗೆಯ ಮೇಲೆ ಸವಿಯುತ್ತಿದೆ ಎಂಬುದು ಚರ್ಮದ ಮೂಲಕವೇ ತಿಳಿದುಬರುತ್ತದೆ. ಮೊದಲನೆಯದು ವಾದಕನಾಗುವ ಮಗು, ಎರಡನೆಯದು ಹಾಡಬೇಕಾದದ್ದು, ಮೂರನೆಯದು ಕೀರ್ತನೆಗೋ ನಾಟಕಕ್ಕೋ ಒದಗುವಂಥದು. ಪರೀಕ್ಷೆ ಪಾಠದಿಂದ ಬೇರೆಯಾಗಿ ನಡೆಯುವುದಿಲ್ಲ.

ಕುರುಡರೆಲ್ಲರೂ ಗಾಯಕರಾಗತಕ್ಕವರೆಂದು ತಿಳಿಯುವುದೂ ಗುಣವನ್ನು ಕಾಣದಿರುವ ಇನ್ನೊಂದು ಬಗೆಯೇ ಆಗಿದೆ. ಅದು ವ್ಯಕ್ತಿಯನ್ನು ಬಿಟ್ಟು ಅವನ ನ್ಯೂನತೆಯನ್ನು ನೋಡಿ ಕೆಲಸ ಹಂಚುವ ಕ್ರಮ. ಪುಣ್ಯಾಶ್ರಮದ ಹಿರಿಮೆಯಿರುವುದು ಅದು ಈ ಅಡ್ಡದಾರಿಯನ್ನು ಹಿಡಿಯದೆ, ಒಬ್ಬನಿಗೆ ಕಂಠ, ಒಬ್ಬನಿಗೆ ಪಿಟೀಲು, ಒಬ್ಬನಿಗೆ ಕೀರ್ತನೆ ಎಂದು ಬೇರೆ ಬೇರೆ ದಾರಿಗಳನ್ನು ತೆರೆದದ್ದರಲ್ಲಿ. ಅಲ್ಲಿ ಬೆಳೆದ ಪುಟ್ಟರಾಜ ಗವಾಯಿಗಳನ್ನೇ ನೋಡಬಹುದು. 1914ರಲ್ಲಿ ಹುಟ್ಟಿ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡು, ಸೋದರಮಾವನ ಕೈಹಿಡಿದು ಗುರುವಿನ ಬಳಿಗೆ ಬಂದ ಆ ಬಾಲಕನು ಹಾಡಿಕೆಯಲ್ಲಿ ಮಾತ್ರವಲ್ಲದೆ ಹಾರ್ಮೋನಿಯಂ, ಸಾರಂಗಿ, ಪಿಟೀಲು, ತಬಲಾಗಳಲ್ಲಿಯೂ ಪ್ರೌಢನಾಗಿ, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥರಚನೆ ಮಾಡಿ, ನಾಟಕ ಮಂಡಳಿಯನ್ನು ಕಟ್ಟಿ ಅದರ ಉತ್ಪತ್ತಿಯಿಂದ ಆಶ್ರಮದ ಒಲೆಯನ್ನು ಉರಿಸಿ, 1944ರಲ್ಲಿ ಗುರು ತೀರಿಕೊಂಡಂದಿನಿಂದ 2010ರವರೆಗೆ ಆ ಮನೆಯನ್ನು ನಡೆಸಿದರು. ಅಂಧನಿಗೆ ಇಷ್ಟು ಸಾಕೆಂದು ಗುರುವು ಎಲ್ಲಿಯಾದರೂ ಗೆರೆ ಎಳೆದಿದ್ದರೆ ಈ ವೈವಿಧ್ಯವು ಸಾಧ್ಯವಾಗುತ್ತಿರಲಿಲ್ಲ.

ನೀಲಕಂಠಬುವಾ ಅವರ ಹೆಸರು ಮೇಲೆ ಬಂತಷ್ಟೆ. ಅವರೂ ಇಂಥದೇ ಕಿವಿಯುಳ್ಳವರು. ಧಾರವಾಡದ ಸಮೀಪದ ಮನಸೂರಿನಲ್ಲಿ 1910ರಲ್ಲಿ ಹುಟ್ಟಿ, ನಾಟಕ ಕಂಪನಿಯೊಂದರಲ್ಲಿ ಬಾಲನಟನಾಗಿ ರಂಗಗೀತೆಗಳನ್ನು ಹಾಡುತ್ತಿದ್ದ ಮಲ್ಲಿಕಾರ್ಜುನನ ಧ್ವನಿಯನ್ನು ಕೇಳಿ, ಇದು ರಂಗಸ್ಥಳಕ್ಕಷ್ಟೇ ಮೀಸಲಾಗತಕ್ಕ ಧ್ವನಿಯಲ್ಲವೆಂದು ತಿಳಿದು ಶಿಷ್ಯನನ್ನಾಗಿ ಸ್ವೀಕರಿಸಿದವರು ಅವರೇ. ಮನಸೂರರ ಚರಿತ್ರೆಯಲ್ಲಿ ನನಗೆ ಇನ್ನೂ ಮಿಗಿಲಾಗಿ ತೋರುವುದು ಅವರು ಮುಂದೆ, ಧ್ವನಿಮುದ್ರಿಕೆಗಳು ಹೊರಬಂದು ಹೆಸರು ಹರಡಿದ ಮೇಲೆ, ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಎದುರು ಮತ್ತೆ ವಿದ್ಯಾರ್ಥಿಯಾಗಿ ಕುಳಿತದ್ದು. 1937ರಲ್ಲಿ ಮಂಜಿ ಖಾನರು ಅಕಾಲಮರಣಕ್ಕೀಡಾದಾಗ ಅವರ ಸೋದರ ಭೂರ್ಜಿ ಖಾನರಲ್ಲಿ ಅಭ್ಯಾಸವನ್ನು ಮುಂದುವರಿಸಿದ್ದು. ಹುಟ್ಟಿನಿಂದ ಬಂದ ಶಕ್ತಿಗೆ ಶಿಕ್ಷಣದ ಅಗತ್ಯ ಕಡಮೆಯೆಂದು ಭಾವಿಸುವವರು ಈ ಸಂಗತಿಯನ್ನು ಆಲೋಚಿಸಬೇಕು. ಸಾಮಾನ್ಯ ಶಕ್ತಿಗೆ ಒಬ್ಬ ಗುರು ಸಾಕಾದೀತು. ಅಸಾಮಾನ್ಯವಾದುದಕ್ಕೆ ಮೂವರು ಬೇಕಾದರು.

ಸ್ವಭಾವಕ್ಕೆ ಅನುಗುಣವಾದ ಕರ್ಮವೇ ಶ್ರೇಯಸ್ಕರವೆಂಬ ವಿಚಾರವು ಭಗವದ್ಗೀತೆಯ 3ನೆಯ ಅಧ್ಯಾಯದಲ್ಲಿಯೂ 18ನೆಯ ಅಧ್ಯಾಯದಲ್ಲಿಯೂ ಬರುತ್ತದೆ. ಆ ವಿಚಾರವನ್ನು ತಲೆಮಾರುಗಳ ಕಾಲ ಕುಲಕಸುಬಿನ ಸಮರ್ಥನೆಗಾಗಿ ಬಳಸಿಕೊಂಡದ್ದು ನಮ್ಮ ದೇಶದ ದುರದೃಷ್ಟ. ತಂದೆಯ ಕಸುಬನ್ನು ನೋಡಿ ಮಗನ ಸ್ವಭಾವವನ್ನು ನಿಶ್ಚಯಿಸುವುದಾದರೆ ಮಗನನ್ನು ನೋಡುವ ಶ್ರಮವೇ ಉಳಿಯಿತು. ಈಗ ಅದೇ ಆಲಸ್ಯವು ಬೇರೆ ವೇಷದಲ್ಲಿ ಬಂದಿದೆ. ಎಸ್.ಎಸ್.ಎಲ್.ಸಿ.ಯಲ್ಲಿ ಅಂಕಗಳು ಚೆನ್ನಾಗಿ ಬಂದವೆಂದರೆ ಮಗು ಪಿ.ಯು.ಸಿ.ಯ ವಿಜ್ಞಾನ ವಿಭಾಗಕ್ಕೆ ಸೇರಿತೆಂದೇ ಅರ್ಥ. ಕಡಮೆ ಬಂದವೆಂದರೆ ಕಲಾ ವಿಭಾಗ. ಚರಿತ್ರೆಯನ್ನು ಪ್ರಾಣದಂತೆ ಪ್ರೀತಿಸುವ ಮಗುವಿಗೆ ಚೆನ್ನಾಗಿ ಅಂಕಗಳು ಬಂದುಬಿಟ್ಟರೆ ಅದಕ್ಕೆ ಚರಿತ್ರೆಯ ಬಾಗಿಲು ಮುಚ್ಚಿತು. ಇಲ್ಲಿಯೂ ಮಗುವನ್ನು ನೋಡಿದವರು ಯಾರೂ ಇಲ್ಲ.

ಶಕ್ತಿಯನ್ನು ಅರಿಯುವುದೆಂದರೆ ಅದರ ಎಲ್ಲೆಯನ್ನೂ ಅರಿಯುವುದು. ಈ ವಿಷಯದಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆಗಿಂತ ಉತ್ತಮವಾದ ನಿದರ್ಶನವನ್ನು ನಾನು ಅರಿಯೆ. 1791ರಲ್ಲಿ ಹುಟ್ಟಿ, ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಆ ತರುಣನು 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಬರೆದುಕೊಂಡ ಟಿಪ್ಪಣಿಗಳನ್ನು ಚಿತ್ರಸಹಿತವಾಗಿ ತಿದ್ದಿ ಬರೆದು, ತಾನೇ ಅಂದವಾಗಿ ರಟ್ಟು ಕಟ್ಟಿ ಡೇವಿಗೆ ಕಳುಹಿಸಿಕೊಟ್ಟನು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನ ಕೆಲಸ ದೊರೆಯಿತು. ಕೈಗಿದ್ದ ಕಸುಬನ್ನು ಬಚ್ಚಿಡದೆ ಅದನ್ನೇ ಪರಿಚಯಪತ್ರವನ್ನಾಗಿ ಮಾಡಿಕೊಂಡ ಈ ನಡವಳಿಕೆ ನನಗೆ ಬಹಳ ಪ್ರಿಯವಾದುದು. ಅವನಿಗೆ ಗಣಿತವು ಬರುತ್ತಿರಲಿಲ್ಲ, ಕೊನೆಯವರೆಗೂ ಬರಲಿಲ್ಲ. ಇದ್ದುದು ಕೈಯ ಸೂಕ್ಷ್ಮತೆ, ಮತ್ತು ಕಣ್ಣಿಗೆ ಕಾಣದ್ದನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವ ಶಕ್ತಿ. ಕಾಗದದ ಮೇಲೆ ಕಬ್ಬಿಣದ ಅರದಪುಡಿಯನ್ನು ಉದುರಿಸಿ, ಅಡಿಯಲ್ಲಿ ಅಯಸ್ಕಾಂತವನ್ನಿಟ್ಟು ಮೆಲ್ಲನೆ ತಟ್ಟಿದಾಗ ಪುಡಿಯು ಕಮಾನು ಕಮಾನಾಗಿ ಸಾಲುಗಟ್ಟುವುದನ್ನು ಶಾಲೆಯಲ್ಲಿ ಎಲ್ಲರೂ ನೋಡಿರುತ್ತೇವೆ. ಆ ಸಾಲುಗಳಲ್ಲಿ ಪ್ರಕೃತಿಯ ಒಂದು ವ್ಯವಸ್ಥೆಯನ್ನೇ ಕಂಡವನು ಅವನು. ಗಣಿತವಿಲ್ಲವೆಂದು ಕೊರಗುತ್ತಾ ಕೂರದೆ, ಪ್ರಯೋಗದಿಂದ ಪ್ರಯೋಗಕ್ಕೆ ನಡೆದು, 1831ರಲ್ಲಿ ಚಲಿಸುವ ಅಯಸ್ಕಾಂತದಿಂದ ವಿದ್ಯುತ್ತು ಹುಟ್ಟುವುದನ್ನು ತೋರಿಸಿದನು. ಆ ಬಲರೇಖೆಗಳಿಗೆ ಗಣಿತದ ರೂಪವನ್ನು ಕೊಡುವ ಕೆಲಸವನ್ನು ಮುಂದೆ ಮ್ಯಾಕ್ಸ್‌ವೆಲ್ಲನು ಮಾಡಿದನು. ಒಬ್ಬನ ಎಲ್ಲೆ ಮುಗಿದಲ್ಲಿ ಇನ್ನೊಬ್ಬನ ಶಕ್ತಿ ಆರಂಭವಾದುದರಿಂದ ವಿದ್ಯೆಗೆ ನಷ್ಟವೇನೂ ಆಗಲಿಲ್ಲ.

ನಮ್ಮ ರಾಮಾನುಜನ್ನರ ಕಥೆ ಎಲ್ಲರಿಗೂ ತಿಳಿದದ್ದೇ. ಗಣಿತವೊಂದನ್ನುಳಿದು ಬೇರೆ ವಿಷಯಗಳತ್ತ ಮನಸ್ಸು ಹರಿಯದೆ ಎಫ್.ಎ. ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಅವರು 1912ರಲ್ಲಿ ಮದರಾಸಿನ ಬಂದರು ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತೆಯಾದರು. ಹಾರ್ಡಿಯ ಹೆಸರನ್ನು ಎಲ್ಲರೂ ಹೇಳುತ್ತಾರೆ. ಆ ಕಚೇರಿಯಲ್ಲಿಯೇ ಮೇಲಧಿಕಾರಿಯಾಗಿದ್ದು, ಸ್ವತಃ ಗಣಿತಜ್ಞರಾಗಿ, ಈ ಗುಮಾಸ್ತೆಯ ಬೆಲೆಯನ್ನರಿತ ನಾರಾಯಣ ಅಯ್ಯರನ್ನೂ, ಅವರ ಮಾತಿಗೆ ಕಿವಿಗೊಟ್ಟು ಕಚೇರಿಯ ಪ್ರಭಾವವನ್ನೇ ಇವರ ಪರವಾಗಿ ಬಳಸಿದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರನ್ನೂ ಅಷ್ಟೇ ಆದರದಿಂದ ನೆನೆಯಬೇಕು. 1913ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ತಿಂಗಳಿಗೆ 75 ರೂಪಾಯಿಯ ಸಂಶೋಧನ ವೇತನವನ್ನು ಕೊಟ್ಟು ಅವರನ್ನು ಲೆಕ್ಕದ ಪುಸ್ತಕಗಳಿಂದ ಬಿಡುಗಡೆ ಮಾಡಿತು. ಪದವಿಯಿಲ್ಲದವನಿಗೆ ವಿಶ್ವವಿದ್ಯಾನಿಲಯವು ಹೀಗೆ ವೇತನ ಕೊಡಬೇಕಾದರೆ ಯಾರೋ ನಿಯಮವನ್ನು ಬಾಗಿಸಿರಬೇಕಷ್ಟೆ.

ನಿಯಮವನ್ನು ಬಾಗಿಸುವ ಈ ಧೈರ್ಯವು ನಮ್ಮ ಶಾಲೆಗಳ ಆಡಳಿತದಲ್ಲಿ ಸ್ವಲ್ಪವಾದರೂ ಇರಬಾರದಿತ್ತೇ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ. ಭಿನ್ನರಾಶಿಯನ್ನು ರೊಟ್ಟಿ ಮುರಿದಷ್ಟು ಸುಲಭವಾಗಿ ತಿಳಿಸಿಕೊಡಬಲ್ಲ ಮೇಷ್ಟರೊಬ್ಬರು ಒಂದು ಶಾಲೆಯಲ್ಲಿ ಇದ್ದಾರೆನ್ನೋಣ. ಸೇವೆಯ ವರ್ಷಗಳು ತುಂಬಿದವೆಂದು ಅವರಿಗೆ ಬಡ್ತಿ ಬಂದು ಮುಖ್ಯೋಪಾಧ್ಯಾಯರಾಗುತ್ತಾರೆ. ಅಂದಿನಿಂದ ಬಿಸಿಯೂಟದ ಅಕ್ಕಿಬೇಳೆಯ ಲೆಕ್ಕ, ಸಂಬಳದ ಬಿಲ್ಲು, ಮೇಲಿನ ಕಚೇರಿ ಕೇಳಿದ ಅಂಕಿಅಂಶಗಳು, ಸೋರುವ ಮಾಡಿಗೆ ಬೇಕಾದ ಅನುದಾನದ ಅರ್ಜಿ, ಇವುಗಳಲ್ಲಿ ಅವರ ಹೊತ್ತೆಲ್ಲ ಕಳೆಯುತ್ತದೆ. ಲೆಕ್ಕಪತ್ರದಲ್ಲಿ ಚುರುಕಾದ ಇನ್ನೊಬ್ಬರು, ಅದರಲ್ಲಿಯೇ ನಿಜವಾದ ಸಂತೋಷವನ್ನು ಕಾಣತಕ್ಕವರು, ಸೇವೆ ಸಾಲದೆಂದು ತರಗತಿಯಲ್ಲಿ ಇಷ್ಟವಿಲ್ಲದ ಪಾಠವನ್ನು ಒಪ್ಪಿಸುತ್ತಿರುತ್ತಾರೆ. ಇಬ್ಬರೂ ಒಳ್ಳೆಯವರು, ಇಬ್ಬರೂ ಪ್ರಾಮಾಣಿಕರು. ಗೌರವಕ್ಕೆ ನಾವು ಒಂದೇ ಏಣಿಯನ್ನು ಇಟ್ಟಿರುವುದರಿಂದ ಇಬ್ಬರ ಶಕ್ತಿಯೂ ವ್ಯರ್ಥವಾಗುತ್ತಿದೆ. ತರಗತಿಯಲ್ಲಿಯೇ ಉಳಿಯಬಯಸುವ ಮೇಷ್ಟರಿಗೆ ಮುಖ್ಯೋಪಾಧ್ಯಾಯರಷ್ಟೇ ಸಂಬಳವನ್ನೂ ಮಾನ್ಯತೆಯನ್ನೂ ಕೊಟ್ಟು, ಪಕ್ಕದ ಶಾಲೆಗಳ ಎಳೆಯ ಶಿಕ್ಷಕರು ಬಂದು ಅವರ ಪಾಠವನ್ನು ಕೇಳುವಂತೆ ಮಾಡಿದರೆ ಬೊಕ್ಕಸಕ್ಕೆ ಆಗುವ ಹೊರೆ ದೊಡ್ಡದಲ್ಲ.

1936ರಲ್ಲಿ ಹಂಪೆಯಲ್ಲಿ ವಿಜಯನಗರದ ಸ್ಥಾಪನೆಯ 600ನೆಯ ವರ್ಷದ ಉತ್ಸವ ನಡೆದಾಗ ತರುಣ ಬಸವರಾಜ ರಾಜಗುರು ಹಾಡಲು ಕುಳಿತರು. ತಬಲಾ ಸಾಥಿಗೆ ಕುಳಿತವರು ಅವರ ಗುರು ಪಂಚಾಕ್ಷರಿ ಗವಾಯಿಗಳೇ. ಗಾಯನದ ಪೀಠದಲ್ಲಿ ಕೂರಬಲ್ಲವರು ಅಂದು ಶಿಷ್ಯನ ಪಕ್ಕದಲ್ಲಿ ಕುಳಿತು ಠೇಕಾ ಹಿಡಿದುದರಿಂದ ಅವರ ಸ್ಥಾನವೇನೂ ಇಳಿಯಲಿಲ್ಲ. ನಮ್ಮ ಶಿಕ್ಷಣ ಇಲಾಖೆಯ ಸೇವಾನಿಯಮಗಳಲ್ಲಿ ಇಂಥದಕ್ಕೆ ಒಂದು ಕಲಮನ್ನು ಸೇರಿಸಲು ಹೊಸ ಆಯೋಗವಾಗಲಿ ಹೊಸ ಕಟ್ಟಡವಾಗಲಿ ಬೇಕಾಗಿಲ್ಲ. ಮುಂದಿನ ಬಡ್ತಿಯ ಪಟ್ಟಿಯನ್ನು ಸಿದ್ಧಪಡಿಸುವ ಮೊದಲು, ನಿಮಗೆ ತರಗತಿ ಬೇಕೋ ಕಚೇರಿ ಬೇಕೋ ಎಂದು ಪಟ್ಟಿಯಲ್ಲಿರುವವರನ್ನು ಒಮ್ಮೆ ಕೇಳಿದರೆ ಕೆಲಸ ಆರಂಭವಾದಂತೆಯೇ.