ಹಳೆಯ ಫೋನಿಗೆ ಹೊಸ ಅಪ್‌ಡೇಟ್

ಮೊಬೈಲಿಗೆ ಬರುವ ಅಪ್‌ಡೇಟನ್ನು ಅದರ ಹೊಸ ಆಕರ್ಷಣೆಗಳಿಂದಲ್ಲ, ಹಳೆಯ ಫೋನನ್ನು ಅದು ನಡೆಸಿಕೊಳ್ಳುವ ರೀತಿಯಿಂದ ಅಳೆಯಬೇಕು. 2017ರ ಜನವರಿಯಲ್ಲಿ ಆಪಲ್ ಸಂಸ್ಥೆಯು ಐಒಎಸ್ 10.2.1 ಅನ್ನು ಬಿಡುಗಡೆ ಮಾಡಿತು. ಬ್ಯಾಟರಿ ಸವೆದ ಕೆಲವು ಐಫೋನುಗಳು ಇದ್ದಕ್ಕಿದ್ದಂತೆ ಆರಿಹೋಗುವುದನ್ನು ತಡೆಯಲು ಅದು ಅವುಗಳ ವೇಗವನ್ನು ತಗ್ಗಿಸುತ್ತಿತ್ತು. ಉದ್ದೇಶವು ಒಳ್ಳೆಯದೇ, ಆದರೆ ವೇಗ ತಗ್ಗುವ ಸಂಗತಿಯನ್ನು ಬಳಸುವವರಿಗೆ ತಿಳಿಸಿರಲಿಲ್ಲ. ಬ್ಯಾಟರಿ ಬದಲಿಸಿದ್ದರೆ ಸಾಕಿತ್ತೆಂಬುದನ್ನು ಅರಿಯದೆ ಫೋನನ್ನೇ ಬದಲಿಸಿದವರುಂಟು.

ಡಿಸೆಂಬರಿನಲ್ಲಿ ಸತ್ಯ ಹೊರಬಿದ್ದಾಗ ಸಂಸ್ಥೆಯು ಕ್ಷಮೆ ಕೋರಿತು. ಅಮೆರಿಕದಲ್ಲಿ ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರಿನಿಂದ 29 ಡಾಲರಿಗೆ ಇಳಿಸಿತು. 2018ರ ಐಒಎಸ್ 11.3, ಬ್ಯಾಟರಿಯ ಸ್ಥಿತಿಯನ್ನು ತೋರಿಸುವ ವ್ಯವಸ್ಥೆಯನ್ನು ತಂದಿತು.

ಕಾಯಕಕ್ಕೆ ಕೌಶಲವಷ್ಟೇ ಸಾಲದು, ನಡೆ-ನುಡಿಗಳು ಒಂದಾಗಿರಬೇಕೆಂಬ ಶರಣರ ನಿಲುವು ಇಲ್ಲಿಗೂ ಸಲ್ಲುತ್ತದೆ. ಶರಣಬಂಧುಗಳೇ, ಫೋನು ನಿಧಾನವಾದರೆ ಹೊಸದನ್ನು ಕೊಳ್ಳುವ ಮುನ್ನ ಬ್ಯಾಟರಿಯನ್ನು ಪರೀಕ್ಷಿಸಿರಿ. ಭದ್ರತೆಯ ಅಪ್‌ಡೇಟುಗಳನ್ನು ಮಾತ್ರ ತಪ್ಪಿಸದಿರಿ.